ಎಣ್ಣೆ ಮುಟ್ಟದ ಚಳಿಗಾಲ

ಮೊನ್ನೆ ಚಾಕಿ ಹುಳ ತರಲು ವಿರೂಪಾಕ್ಷಿಪುರದ ಕಡೆ ಹೋಗಿದ್ದೆ. ರೇಷ್ಮೆ ಮೊಟ್ಟೆ ಒಡೆಸಿ, ಎಳೆ ಹುಳವನ್ನು ಒಂದು ವಾರ ಸಾಕಿ, ನಮ್ಮಂಥ ಬೆಳೆಗಾರರಿಗೆ ಕೊಡುವವರೊಬ್ಬರು ಅಲ್ಲಿದ್ದಾರೆ. ಟ್ರೇಗಳನ್ನು ಎಣಿಸಿ ಆಟೋಗೆ ಇಡುತ್ತಿರುವಾಗ ಪಕ್ಕದ ಮನೆಯಲ್ಲಿ ಯಾರೋ ಬೆಣ್ಣೆ ಕಾಯಿಸುತ್ತಿದ್ದರು. ಕೊನೆಗೆ ಒಂದು ಹಿಡಿ ನುಗ್ಗೆಸೊಪ್ಪು ಹಾಕಿರಬೇಕು, ಘಮ್ಮೆನ್ನುವ ವಾಸನೆ ಬೀದಿಗೆಲ್ಲ ಬಂತು. ಹುಳದವನು ಬೈದುಕೊಂಡು ಓಡಿಹೋಗಿ ಕಿಟಕಿ ಮುಚ್ಚಿದ. ರೇಷ್ಮೆಹುಳಕ್ಕೆ ಎಣ್ಣೆ, ತುಪ್ಪ, ಒಗ್ಗರಣೆ ಹೊಗೆ ಯಾವುದೂ ಆಗುವುದಿಲ್ಲ. ಎಣ್ಣೆ ಕೈಯಲ್ಲಿ ಮುಟ್ಟಿದ ಸೊಪ್ಪನ್ನು ಹುಳ ತಿನ್ನದೆ ಹಾಗೇ ಬಿಡುತ್ತದೆ ಅಂತ ನಮ್ಮ ಕಡೆ ಹಸುಗೂಸಿಗೂ ಗೊತ್ತು.

"ಯಾಕಣ್ಣ, ಹೊಟ್ಟೆ ಹಿಡ್ಕೊಂಡ್ರಿ? ನೋವಾ?" ಅಂದ ಅವನು ತಿರುಗಿ ಬಂದು.

ನೋಡಿಕೊಂಡರೆ ನನ್ನ ಕೈ ಅಂಗಿಯ ಮೇಲೆ, ಪಕ್ಕೆಯ ಕೆಳಗಿನ ಹೊಲಿಗೆಯ ಗೆರೆಯ ಮೇಲೆ ಇತ್ತು. ಏನಿಲ್ಲ ಕಣಪ್ಪ ಅಂತ ಹೇಳಿ ಹೊರಟೆ. ಅಕ್ಕೂರು ದಾಟಿ ನಮ್ಮೂರು ಸೇರುವವರೆಗೂ ಆ ವಾಸನೆ ಮೂಗಿನಲ್ಲೇ ಇತ್ತು, ಅದರ ಜೊತೆಗೆ ಆ ಚಳಿಗಾಲವೂ.

ಅದು ನನ್ನ ತಂಗಿ ಸವಿತಳ ಲಿವರ್ ಕೆಟ್ಟುಹೋದ ವರ್ಷ. ಅವಳನ್ನು ಕನಕಪುರಕ್ಕೆ ಕೊಟ್ಟಿದ್ದೇವೆ, ಗಂಡ ಅಲ್ಲೇ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಕುಡಿಯುವವರಿಗೆ ಮಾತ್ರ ಲಿವರ್ ಹೋಗುತ್ತದೆ ಅಂತ ನಾವೆಲ್ಲ ತಿಳಿದಿದ್ದೆವು. ಸವಿತ ಕಾಫಿ ಕೂಡ ಕುಡಿದವಳಲ್ಲ. ಮೈಯೇ ಮೈಗೆ ತಿರುಗಿಬಿದ್ದು ಬರುವ ಕಾಯಿಲೆಯಂತೆ. ದೀಪಾವಳಿ ಕಳೆದು ನಾವು ರಾಗಿ ಕೊಯ್ಲು ಶುರುಮಾಡುವ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ನೀರು ತುಂಬಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಬೇರೆ ಲಿವರ್ ಹಾಕದೆ ದಾರಿಯಿಲ್ಲ ಅಂದರು. ಬದುಕಿರುವವರ ಲಿವರ್‌ನಲ್ಲೇ ಅರ್ಧ ಕತ್ತರಿಸಿ ಹಾಕಬಹುದು, ಕೊಟ್ಟವರದು ಮತ್ತೆ ಬೆಳೆದುಕೊಳ್ಳುತ್ತದೆ ಅಂದರು. ಗಂಡನ ರಕ್ತದ ಗುಂಪು ಹೊಂದಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು. ಉಳಿದವನು ನಾನೊಬ್ಬ.

ನಾನು ಧೈರ್ಯವಾಗಿಯೇ ಹೋದೆ. ಧೈರ್ಯ ಅನ್ನುವುದಕ್ಕಿಂತ ಜಂಬ ಅನ್ನಿ. ತಂಗಿಗಾಗಿ ಹೊಟ್ಟೆ ಕೊಯ್ಯಿಸಿಕೊಳ್ಳುವ ಅಣ್ಣ ಅಂತ ಊರಲ್ಲಿ ಆಗಲೇ ಹೆಸರು ಬಂದಿತ್ತು. ಎರಡು ದಿನ ರಕ್ತ, ಸ್ಕ್ಯಾನು ಎಲ್ಲ ಮುಗಿದ ಮೇಲೆ ಡಾಕ್ಟರು ನನ್ನನ್ನೂ ನನ್ನ ಹೆಂಡತಿ ಮಂಜುಳಳನ್ನೂ ಕೂರಿಸಿಕೊಂಡು, ನಿಮ್ಮ ಲಿವರ್‌ನಲ್ಲೇ ಕೊಬ್ಬು ತುಂಬಿದೆ, ಇದನ್ನು ಕೊಯ್ದರೆ ನಿಮಗೂ ಅಪಾಯ, ಆಕೆಗೂ ಪ್ರಯೋಜನವಿಲ್ಲ ಅಂದರು.

ನನಗೆ ರೇಗಿಹೋಯಿತು. "ಸಾರ್, ನಾನು ಜೀವ್ಮಾನದಲ್ಲಿ ಬಾಟ್ಲಿ ಮುಟ್ಟಿದವನಲ್ಲ."

"ಊಟ ಮುಟ್ಟಿದ್ದೀರಲ್ಲ," ಅಂದರು ಆ ಪುಣ್ಯಾತ್ಮ, ನಗದೆ. ಆಮೇಲೆ ಮೆತ್ತಗೆ ಹೇಳಿದರು. ಸವಿತಳನ್ನು ಔಷಧಿಯಲ್ಲಿ ಎರಡು ತಿಂಗಳು ಹಿಡಿದಿಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚು ಕಾಯುವುದು ಕಷ್ಟ. ಅಷ್ಟರಲ್ಲಿ ನಾನು ಬಾಯಿ ಕಟ್ಟಿ, ನಡೆದು, ಕೊಬ್ಬು ಕರಗಿಸಿಕೊಂಡು ಬಂದರೆ ಆಗುತ್ತದೆ. ಇದಕ್ಕೆ ಮಾತ್ರೆ ಇಲ್ಲ.

ಪಕ್ಕದ ರೂಮಿನಲ್ಲಿ ಊಟದ ವಿಚಾರ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು. ನನಗೆ ಮಗಳಾಗುವಷ್ಟು ವಯಸ್ಸಿನವಳು. ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ತಿನ್ನುತ್ತೀರಿ ಅಂತ ಕೇಳಿ ಬರೆದುಕೊಳ್ಳತೊಡಗಿದಳು. ನಾನು ಸುಮಾರಾಗಿ ಹೇಳಿ ಮುಗಿಸಿದೆ. ಮಂಜುಳ ಬಿಡಬೇಕಲ್ಲ. ಚನ್ನಪಟ್ಟಣಕ್ಕೆ ಹೋದಾಗಲೆಲ್ಲ ಬೋಂಡ, ವಾರಕ್ಕೆರಡು ಸಲ ಬಾಡು, ಅದರಲ್ಲೂ ಕೊಬ್ಬಿನ ತುಂಡೇ ಬೇಕು, ಬೀಗರ ಊಟದ ಸೀಸನ್ನಿನಲ್ಲಿ ಲೆಕ್ಕವೇ ಇಲ್ಲ, ಬಿಸಿಲಿಗೆ ಅಂತ ದಿನಾ ಒಂದು ಬಾಟಲಿ ಕೂಲ್‌ಡ್ರಿಂಕ್ಸು, ಬಿಸಿ ಮುದ್ದೆಯ ಮೇಲೆ ತುಪ್ಪ. ಎಲ್ಲ ಒಪ್ಪಿಸಿದಳು. ಹುಡುಗಿ ಪೆನ್ನು ಕೆಳಗಿಟ್ಟು, "ನಿಮ್ಮ ತಂದೆಯವರ ಕಾಲದಲ್ಲಿ ಮನೇಲಿ ಏನು ಮಾಡ್ತಿದ್ರು?" ಅಂತ ಕೇಳಿದಳು.

"ಮುದ್ದೆ, ಉಪ್ಸಾರು," ಅಂದೆ.

"ಅದನ್ನೇ ಮಾಡಿ ಸಾರ್. ನಾನು ಹೊಸದೇನೂ ಹೇಳಲ್ಲ."

ನಾನು ಏನೋ ಓಟ್ಸು, ಎಲೆಕೋಸಿನ ಸೂಪು ಅಂತೆಲ್ಲ ಬರೆದುಕೊಡುತ್ತಾಳೆ ಅಂದುಕೊಂಡಿದ್ದೆ. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಬೆಳ್ಳುಳ್ಳಿ ಮೆಣಸಿನಕಾಯಿ ಖಾರ ಅರೆದು ಪಕ್ಕಕ್ಕಿಟ್ಟುಕೊಂಡು ಉಣ್ಣುವ ಉಪ್ಸಾರಿಗೆ ಒಂದು ತೊಟ್ಟು ಎಣ್ಣೆ ಬೇಡ. ಅಪ್ಪ ಇದ್ದಾಗ ವಾರಕ್ಕೆ ನಾಲ್ಕು ದಿನ ನಮ್ಮ ಮನೆಯಲ್ಲಿ ಅದೇ ಇತ್ತು. ಕೈಗೆ ನಾಲ್ಕು ಕಾಸು ಬಂದಮೇಲೆ ಯಾಕೋ ಅದನ್ನು ಮಾಡುವುದಕ್ಕೆ ನಮಗೆ ನಾಚಿಕೆಯಾಗತೊಡಗಿತ್ತು.

ಮಂಜುಳ ಅವತ್ತೇ ಎಣ್ಣೆ ಕ್ಯಾನಿನ ಕೊರಳಿಗೆ ದಾರದಲ್ಲಿ ಒಂದು ಟೀ ಚಮಚ ಕಟ್ಟಿದಳು. ಏನೇ ಮಾಡಿದರೂ ಆ ಚಮಚದಲ್ಲಿ ಅಳೆದೇ ಹಾಕಬೇಕು. ಹಪ್ಪಳ ಕರಿಯುವ ಬದಲು ಕೆಂಡದ ಮೇಲೆ ಸುಟ್ಟಳು. ಕೆನೆ ತೆಗೆದ ಹಾಲಿನ ಮಜ್ಜಿಗೆ, ಸಕ್ಕರೆಯಿಲ್ಲದ ಟೀ. ಕೋಳಿ ತಂದರೆ ಚರ್ಮ ಸುಲಿದು ತರಬೇಕು. ನಾಟಿ ಕೋಳಿಯನ್ನು ಅರಿಶಿನ ಸವರಿ ಸುಟ್ಟು, ಚರ್ಮದ ಸಮೇತ ತಿಂದು ಬೆಳೆದ ನನಗೆ ಅದು ಕೋಳಿಗೇ ಮಾಡಿದ ಅವಮಾನ ಅನಿಸಿತು. ಬೈಕಿನ ಕೀಲಿ ಅವಳ ಸೆರಗಿನ ಗಂಟಿಗೆ ಹೋಯಿತು. ತೋಟಕ್ಕೆ, ಡೈರಿಗೆ, ಅಕ್ಕೂರಿಗೆ, ಎಲ್ಲಕ್ಕೂ ನಡಿಗೆ. ಇಬ್ಬನಿಯಲ್ಲಿ ಕಾಲು ನೆನೆಸಿಕೊಂಡು ನಡೆಯುವಾಗ ಮೊದಲ ವಾರ ನಾನು ಬೈಯದ ಜನವಿಲ್ಲ. ಡಾಕ್ಟರನ್ನು ಬೈದೆ, ಮಂಜುಳಳನ್ನು ಬೈದೆ, ಪಾಪ, ಸವಿತಳನ್ನೂ ಒಂದು ಸಲ ಬೈದೆ.

ಊರಿನವರ ಕಾಟ ಬೇರೆ. ಹೊಟ್ಟೆ ಕೊಯ್ಯಿಸಿಕೊಳ್ಳುವವನು ಚೆನ್ನಾಗಿ ಉಂಡು ಗಟ್ಟಿಯಾಗಬೇಕು ಅನ್ನುವುದು ಎಲ್ಲರ ಲೆಕ್ಕ. ಸ್ನೇಹಿತ ಬೋರ ಒಂದು ಬೆಳಿಗ್ಗೆ ತೂಕುಪಾತ್ರೆ ತುಂಬ ಕಾಲು ಸೂಪು ಹಿಡಿದುಕೊಂಡು ಬಂದ. ಮೇಲೆ ಬೆರಳು ದಪ್ಪ ಜಿಡ್ಡು ತೇಲುತ್ತಿತ್ತು.

"ಕುಡಿಲಾ. ಅರ್ಧ ಲಿವರ್ರು ಹೋದ್ಮೇಲೆ ಏನ್ಲಾ ಮಾಡೀಯೆ ನೀನು?"

"ಇದ್ನ ಕುಡುದ್ರೆ ಅರ್ಧನೂ ತಗಳಲ್ವಂತೆ ಕಣ್ಲಾ."

"ಹಂಗಾರೆ ಸುಮ್ಕೆ ಬುಡು," ಅಂತ ಹೇಳಿ ಜಗಲಿಯ ಮೇಲೆ ಕೂತು, ನನ್ನ ಕಣ್ಣೆದುರಿಗೇ ತಾನೇ ಕುಡಿದು ಮುಗಿಸಿ ಎದ್ದುಹೋದ. ಆ ಸೂಪಿನ ವಾಸನೆ ಮಧ್ಯಾಹ್ನದವರೆಗೂ ಜಗಲಿ ಬಿಟ್ಟು ಹೋಗಲಿಲ್ಲ.

ಇಷ್ಟೆಲ್ಲ ಆದರೂ ಒಂದು ತಿಂಗಳು ಬಾಯಿ ಕಟ್ಟಿದೆ. ಪ್ಯಾಂಟು ಸಡಿಲವಾಯಿತು. ಅವರೆಕಾಯಿ ಕಾಲ ಬಂದು, ಇಡೀ ಊರೇ ಹಿತಕಿದ ಬೇಳೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ನಾನು ಬೇಯಿಸಿದ ಅವರೆಕಾಳಿಗೆ ಉಪ್ಪು ಹಾಕಿಕೊಂಡು ತಿಂದೆ. ಹೊಸ ರಾಗಿ ಬಂದಿತ್ತು. ಮುದ್ದೆಗೆ ನಮ್ಮ ಮನೆಯಲ್ಲಿ ಹಿಟ್ಟು ಅಂತಲೇ ಹೆಸರು, ಅದನ್ನು ಕಟ್ಟುವುದು ಯಾವತ್ತೂ ಅವ್ವನ ಕೆಲಸ. ಮುದ್ದೆಯ ಮೇಲೆ ತುಪ್ಪ ಹಾಕುವುದು ನಿಂತಿತ್ತು. ಅವ್ವ ಬಿಸಿ ಮುದ್ದೆ ತಟ್ಟೆಗಿಡುತ್ತಿದ್ದಳು, ನಾನು ಉಣ್ಣುತ್ತಿದ್ದೆ.

ತಿಂಗಳಿಗೆ ಸರಿಯಾಗಿ ಮತ್ತೆ ಸ್ಕ್ಯಾನ್. ಹೂಮಾಲೆ ಹಾಕುತ್ತಾರೆ ಅನ್ನುವ ಹಾಗೆ ಹೋಗಿ ಕೂತೆ. ಡಾಕ್ಟರು ಹಳೆಯದನ್ನೂ ಹೊಸದನ್ನೂ ಎದುರಿಗಿಟ್ಟುಕೊಂಡು ನೋಡಿ ತಲೆ ಅಲ್ಲಾಡಿಸಿದರು. ತೂಕ ಒಂದಿಷ್ಟು ಇಳಿದಿದೆ, ಆದರೆ ಲಿವರ್‌ನ ಕೊಬ್ಬು ನಾವು ಅಂದುಕೊಂಡಷ್ಟು ಇಳಿದಿಲ್ಲ, ಮನೆಯಲ್ಲಿ ಏನೋ ಎಡವಟ್ಟಾಗಿದೆ ಅಂದರು. ಇನ್ನೊಂದು ತಿಂಗಳು, ಅಷ್ಟೇ ಅಂದರು.

ಸವಿತ ಅದೇ ಆಸ್ಪತ್ರೆಯಲ್ಲಿ ನೀರು ತೆಗೆಸಿಕೊಳ್ಳಲು ಬಂದು ಮಲಗಿದ್ದಳು. ಕಣ್ಣು ಅರಿಶಿನದ ನೀರಿನಲ್ಲಿ ಅದ್ದಿದ ಹಾಗಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬು ಬಸುರಿಯದು. ನನ್ನ ಮುಖ ನೋಡಿದೊಡನೆ ಅವಳಿಗೆ ಗೊತ್ತಾಯಿತು.

"ಅಣ್ಣ, ನಿನ್ ಕೈಲಿ ಆಗ್ದೆ ಇದ್ರೆ ಬುಡು. ನಾನೇನೂ ಅಂದ್ಕಳಲ್ಲ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಸ್ಸು ರಾಮನಗರ ದಾಟಿತು. ಮಂಜುಳ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಚನ್ನಪಟ್ಟಣದಲ್ಲಿ ಯಾವ್ ಹೋಟ್ಲು? ನಿಜ ಹೇಳ್ಬುಡಿ, ಬೈಯಲ್ಲ."

"ನಿನ್ನಾಣೆ ಎಲ್ಲೂ ತಿಂದಿಲ್ಲ ಕಣೆ."

"ನನ್ನಾಣೆ ಯಾಕೆ? ನಿಮ್ ತಂಗಿ ಆಣೆ ಮಾಡಿ."

ಬಸ್ಸಿನಲ್ಲಿ ಅಷ್ಟು ಜನರ ಮಧ್ಯೆ ನಾನು ಕೂಗಾಡಿದೆ. ಮನೆಗೆ ಬಂದ ಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಎರಡು ದಿನ ಅವ್ವನೇ ನಮ್ಮಿಬ್ಬರ ನಡುವೆ ಸುದ್ದಿ ತಲುಪಿಸಿದಳು.

ಮೂರನೆಯ ದಿನ ಸಂಜೆ ನಾನು ಉಣ್ಣಲು ಕೂತಿದ್ದಾಗ ತೋಟದ ಮೋಟರು ಸುಡುತ್ತಿದೆ ಅಂತ ಯಾರೋ ಕೂಗಿದರು. ಮುಟ್ಟದ ಮುದ್ದೆಯನ್ನು ಹಾಗೇ ಬಿಟ್ಟು ಓಡಿದೆ. ಬಂದಮೇಲೆ ಉಣ್ಣುವ ಮನಸ್ಸಾಗಲಿಲ್ಲ, ಮಲಗಿಬಿಟ್ಟೆ. ಬೆಳಿಗ್ಗೆ ಮಂಜುಳ ಆ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಳ್ಳೋಣ ಅಂತ ಮುರಿದಿದ್ದಾಳೆ. ಪುಷ್ಯದ ಚಳಿ. ಮುದ್ದೆಯ ಹೊಟ್ಟೆಯೊಳಗೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಬಿಳಿಯ ಗಡ್ಡೆ ಕೂತಿತ್ತು. ಹೆಪ್ಪುಗಟ್ಟಿದ ತುಪ್ಪ. ತಟ್ಟೆಯನ್ನು ತಂದು ನನ್ನ ಮುಂದೆ ಹಿಡಿದಳು.

"ನಾನಲ್ಲ," ಅಂದೆ.

"ನಾನ್ ಇಟ್ಟಿದ್ದು," ಅಂದಳು ಅವ್ವ ಒಲೆಯ ಮುಂದಿನಿಂದ. ಈ ಕಡೆ ತಿರುಗಲಿಲ್ಲ. ಹಿಟ್ಟಿನ ಕೋಲು ಕೈಯಲ್ಲೇ ಇತ್ತು.

"ಯಾವಾಗ್ಲಿಂದ?" ಅಂದೆ.

"ಮೊದಲ್ನೇ ದಿವ್ಸದಿಂದ. ಎರಡು ಹೊತ್ತೂವೆ."

"ಡಾಕ್ಟ್ರು ಹೇಳಿದ್ದು ನಿನಗೆ ಗೊತ್ತಿತ್ತಲ್ಲವ್ವ. ಸವಿತ ಸತ್ತೋಯ್ತಾಳೆ ಅವ್ವ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ.

ಅವ್ವ ಕೋಲು ಕೆಳಗಿಟ್ಟಳು. "ಗೊತ್ತು ಕಣ್ಲಾ. ಅವಳ್ನ ಕುಯ್ದ್ರೆ ಬದುಕ್ತಾಳೆ ಅಂತಾರೆ. ನಿಂಗೇನಾಗೈತೆ ಅಂತ ನಿನ್ನ ಕುಯ್ಯಬೇಕು? ಕಲ್ಲುಗುಂಡಿನಂಗಿದ್ದೆ. ಕೆನ್ನೆ ಒಳಕ್ಕೋದ್ವು, ಕತ್ತು ಸಣ್ಣಗಾಯ್ತು. ಕಂಡ್ಕಂಡು ಹೆಂಗಿರ್ಲಿ ನಾನು?" ಆಮೇಲೆ ಗೋಡೆಗೆ ಹೇಳುವವಳ ಹಾಗೆ ಹೇಳಿದಳು. "ತುಪ್ಪ ಇಡೋವಾಗ ನಂಗೇ ಗೊತ್ತಾಗ್ತಿರ್ಲಿಲ್ಲ ಮಗ. ನಿಂಗೆ ಉಣ್ಣುಸ್ತಾ ಇದ್ದೀನೋ, ಅವಳ ಬಾಯಿಂದ ಕಿತ್ಕತಾ ಇದ್ದೀನೋ ಅಂತ."

ಮಂಜುಳ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಅತ್ತೆಯ ಪಕ್ಕದಲ್ಲಿ ಹೋಗಿ ಕೂತು ಸಮಾಧಾನ ಹೇಳತೊಡಗಿದಳು. "ಅತ್ತೆ, ಅದು ತಿರ್ಗ ಬೆಳೀತದಂತೆ. ಹಿಪ್ಪುನೇರಳೆ ಕಡ್ಡಿನ ಬುಡಕ್ಕೆ ಕಟಾವು ಮಾಡಲ್ವಾ ನಾವು? ಎರಡು ತಿಂಗಳಿಗೆ ತಿರ್ಗ ಆಳೆತ್ತರ ಬರಲ್ವಾ?"

"ಬತ್ತದೆ," ಅಂದಳು ಅವ್ವ. "ನೋವಾಯ್ತಾ ಅಂತ ಕಡ್ಡಿನ ಯಾರ್ ಕೇಳವ್ರೆ?"

ಮಂಜುಳ ಎದ್ದು ಆ ತಟ್ಟೆಯನ್ನು ಹಿತ್ತಲಿಗೆ ಒಯ್ದಳು.

ಇಲ್ಲಿ ನನ್ನದೊಂದು ವಿಚಾರ ಹೇಳಬೇಕು. ಅವತ್ತು ಮಂಜುಳ, "ಒಂದು ತಿಂಗಳು ನಿಮಗೆ ಗೊತ್ತೇ ಆಗಲಿಲ್ವಾ?" ಅಂತ ಕೇಳಿದಾಗ, ಮುದ್ದೆಯನ್ನು ಯಾರಾದರೂ ಅಗಿಯುತ್ತಾರೇನೆ, ಸಾರಿನಲ್ಲಿ ಅದ್ದಿ ನುಂಗುವುದಲ್ಲವಾ, ನುಂಗುವುದರೊಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು ಅಂದೆ. ನಂಬಿದಳು. ಡಾಕ್ಟರಿಗೂ ಅದನ್ನೇ ಹೇಳಿದೆ, ಅವರೂ ನಂಬಿದರು. ಅದು ಸುಳ್ಳು. ನಲವತ್ತೈದು ವರ್ಷದಿಂದ ಮುದ್ದೆ ನುಂಗುತ್ತಿರುವ ಗಂಟಲು ನನ್ನದು. ಮೂರನೆಯದೋ ನಾಲ್ಕನೆಯದೋ ದಿನಕ್ಕೇ ತುತ್ತು ಎಂದಿಗಿಂತ ಸಲೀಸಾಗಿ ಜಾರಿತು. ಬೆರಳಿಗೆ ಒಂದಿಷ್ಟು ಜಿಡ್ಡು ಅಂಟಿತು. ನಾನು ಕೈ ತೊಳೆದುಕೊಂಡು ಎದ್ದೆ, ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಕೊಬ್ಬು ಕರಗದಿದ್ದರೆ ಕೊಯ್ಯುವುದಿಲ್ಲ, ನಾನೂ ಪ್ರಯತ್ನಪಟ್ಟೆ ಅಂತಾಗುತ್ತದೆ ಅಂತ ಒಳಗೆಲ್ಲೋ ಒಬ್ಬ ಹೇಡಿ ಕೂತು ಲೆಕ್ಕ ಹಾಕುತ್ತಿದ್ದ. ನನಗೆ ಭಯವಿತ್ತು. ಮೇಜಿನ ಮೇಲೆ ಮಲಗಿದವನು ಏಳದೆಯೇ ಹೋದರೆ ಅನ್ನುವ ಭಯ. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಅವ್ವನ ಮೇಲೆ ಅವತ್ತು ಅಷ್ಟು ಜೋರಾಗಿ ಕೂಗಾಡಿದ್ದು ಅದಕ್ಕೇ ಇರಬೇಕು. ಮಂಜುಳಳಿಗೆ ಇದು ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಬೈದರೆ ಬೈಸಿಕೊಳ್ಳುತ್ತೇನೆ.

ಆ ವಾರವೇ ನಮ್ಮ ಮನೆಗೆ ಹೊಸ ಹುಳ ಬರಬೇಕಿತ್ತು. ತೋಟದ ಪಕ್ಕದ ಹುಳದ ಮನೆಯಲ್ಲಿ ಸೊಪ್ಪು ಹಾಕುವ ಕೆಲಸ ಮಂಜುಳಳದು. ಅವ್ವ ಮಂಡಿ ನೋವು ಅಂತ ಆ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ ನೋಡಿಕೊಂಡಿದ್ದಳು. ಹುಳ ಬರುವ ಹಿಂದಿನ ದಿನ ಅವ್ವ ಬೆಣ್ಣೆ ಗಡಿಗೆಯನ್ನು ತಂದು ಸೊಸೆಯ ಮುಂದೆ ಇಟ್ಟಳು.

"ನಾಳಿಂದ ಹಾಲೆಲ್ಲ ಡೈರಿಗೇ ಹಾಕ್ಬುಡು. ಈ ಬೆಳೆ ಹುಳ ನಾನ್ ನೋಡ್ಕತೀನಿ."

"ಮಂಡಿ ಅತ್ತೆ?"

"ಮಂಡಿ ಎಲ್ಲಿಗೋಯ್ತದೆ? ಇಲ್ಲೇ ಇರ್ತದೆ. ನೀನು ಅಡುಗೆ ನೋಡ್ಕೋ. ಹಿಟ್ಟು ಮಾತ್ರ ನಾನೇ ಕಟ್ತೀನಿ."

ನಾನಾಗ ಬರೀ ಮುನಿಸು ಅಂದುಕೊಂಡೆ. ಮಂಜುಳ ನನಗಿಂತ ಜಾಣೆ. ಅವಳು ಅವ್ವನ ಮುಖವನ್ನೇ ನೋಡುತ್ತ ನಿಂತಿದ್ದಳು, ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, "ಅರ್ಥ ಆಗ್ಲಿಲ್ವಾ ನಿಮಗೆ? ಹುಳಕ್ಕೆ ಸೊಪ್ಪು ಹಾಕೋ ಕೈಲಿ ತುಪ್ಪ ಮುಟ್ಟಂಗಿಲ್ಲ," ಅಂದಳು. ನಮ್ಮ ಮಾತು ಕೇಳಿ ಕೈ ತಡೆದುಕೊಳ್ಳುವುದು ಅವ್ವನಿಂದ ಆಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹುಳದ ಮಾತು ಹಾಗಲ್ಲ, ಜೀವಮಾನದಲ್ಲಿ ಒಂದು ಸಲವೂ ಆ ಕಟ್ಟು ಮೀರಿದವಳಲ್ಲ. ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಳ್ಳಲು ಹೊರಟಿದ್ದಳು.

ನಾನು ಹಿತ್ತಲಿನಲ್ಲಿ ನಿಂತು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹುಳ ಬಂದವು. ಅವ್ವ ಅವತ್ತು ಬೆಳಿಗ್ಗೆ ಸೀಗೆಪುಡಿ ಹಾಕಿ ತಲೆಗೆ ಸ್ನಾನ ಮಾಡಿದವಳು ಆಮೇಲೆ ಕೂದಲಿಗೂ ಎಣ್ಣೆ ತಾಗಿಸಲಿಲ್ಲ. ಬಿಳಿ ಕೂದಲು ಕೆದರಿಕೊಂಡು ನಿಲ್ಲುತ್ತಿತ್ತು. ಹುಳದ ಮನೆ ಬಾಗಿಲಲ್ಲಿ ಬಕೆಟ್ಟು, ಸೋಪು. ಮೊಣಕೈವರೆಗೆ ತೊಳೆದುಕೊಂಡೇ ಒಳಗೆ. ನಾನು ತೋಟದಲ್ಲಿ ಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುತ್ತಿದ್ದೆ. ಮೊದಲೆಲ್ಲ ಬೈಕಿನ ಹಿಂದೆ ಹೇರಿಕೊಂಡು ತರುತ್ತಿದ್ದ ಹೊರೆ. ದಿನಕ್ಕೆ ಹತ್ತು ಹನ್ನೆರಡು ಸಲ ಓಡಾಟ. ಚಳಿಗೆ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿ ಒಳಗೆ ಬೆಚ್ಚಗಿಟ್ಟಿದ್ದೆವು. ಅವ್ವ ತಟ್ಟೆಯಿಂದ ತಟ್ಟೆಗೆ ಕುಂಟುತ್ತಾ ಸೊಪ್ಪು ಹರಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಊಟದ ಹೊತ್ತಿಗೆ ಅವಳು ಮತ್ತೆ ಕೈ ತೊಳೆದು, ಬರೀ ನೀರು ಮುಟ್ಟಿಕೊಂಡು ನನ್ನ ಮುದ್ದೆ ಕಟ್ಟುತ್ತಿದ್ದಳು. ನಾನು ಅದನ್ನು ಒಂದೊಂದು ದಿನ ಬೇಕಂತಲೇ ಮುರಿದು ನೋಡುತ್ತಿದ್ದೆ. ಅವಳೂ ನೋಡುತ್ತಿದ್ದಳು, ಬೇಜಾರು ಮಾಡಿಕೊಳ್ಳಲಿಲ್ಲ.

ಹುಳ ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗಬಗಬನೆ ಸೊಪ್ಪು ತಿನ್ನುತ್ತಿದ್ದಾಗ ಸಂಕ್ರಾಂತಿ ಬಂತು. ಪಕ್ಕದ ಬೀದಿಯ ಹೆಂಗಸರು ಎಳ್ಳುಬೆಲ್ಲ ಬೀರಲು ಬಂದರು. ಎಳ್ಳು, ಕೊಬ್ಬರಿ, ಕಡಲೆಬೀಜ, ಮುಟ್ಟಿದರೆ ಬೆರಳಿಗೆ ಎಣ್ಣೆ. ಅವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಹಬ್ಬದ ದಿನ ಒಸಿ ಈಸ್ಕಳಿ ದೊಡ್ಡವ್ವ, ಇಲ್ಲ ಅನ್ನಬಾರ್ದು."

"ಹುಳ ಅವೆ ಕಣ್ರವ್ವ. ಮಂಜುಳನ ಸೆರಗಿಗೆ ಹಾಕಿ."

"ಅಣ್ಣಂಗೆ?"

"ಅವನೂ ಹುಳವೇ ಅಂದ್ಕಳಿ ಈ ವರ್ಸ," ಅಂದಳು ಅವ್ವ. ಹೆಂಗಸರು ನಕ್ಕರು. ಎಷ್ಟೋ ದಿನದ ಮೇಲೆ ಅವ್ವನೂ ಒಂದಿಷ್ಟು ನಕ್ಕಿದ್ದನ್ನು ನಾನು ಅವತ್ತು ಕಂಡೆ.

ಗೂಡು ಕಟ್ಟಿದವು, ಬಿಡಿಸಿದೆವು. ಮಂಜುಳ ಒಬ್ಬಳೇ ರಾಮನಗರದ ಮಾರುಕಟ್ಟೆಗೆ ಹೋಗಿ ಹಾಕಿ ಬಂದಳು. ಹುಳದ ಮನೆ ಖಾಲಿಯಾಯಿತು, ಇನ್ನು ಎಣ್ಣೆ ಮುಟ್ಟಿದರೆ ತಪ್ಪಿಲ್ಲ. ಅವ್ವ ಮಾತ್ರ ಮುಟ್ಟಲಿಲ್ಲ. ಕೂದಲು ಹಾಗೇ ಇತ್ತು. ಅಷ್ಟು ಹೊತ್ತಿಗೆ ನನಗೂ ಆ ಊಟ ಒಗ್ಗಿಹೋಗಿತ್ತು. ಹುರುಳಿಕಟ್ಟಿನ ರುಚಿ, ದಂಟಿನ ಸೊಪ್ಪಿನ ಸಿಹಿ, ಹಸಿಖಾರದ ಬೆಳ್ಳುಳ್ಳಿ ಇವೆಲ್ಲ ಒಗ್ಗರಣೆಯ ಅಡಿಯಲ್ಲಿ ಇಷ್ಟು ವರ್ಷ ಮುಚ್ಚಿಹೋಗಿದ್ದವು. ದಿಣ್ಣೆ ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಒಂದು ದಿನ ಬೋರನ ಬೈಕಿನ ಹ್ಯಾಂಡಲ್ ಹಿಡಿದು ನಿಲ್ಲಿಸಿ, ನೀನೂ ಇಳಿದು ನಡೆಯೋ ಅಂತ ಉಪದೇಶ ಮಾಡಿದೆ. ಅವನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಮೂರನೆಯ ಸ್ಕ್ಯಾನಿಗೆ ಅವ್ವನೂ ಬಂದಳು, ಬೇಡ ಅಂದರೂ ಕೇಳಲಿಲ್ಲ. ಡಾಕ್ಟರು ಪರದೆಯ ಮೇಲೆ ಏನೋ ತೋರಿಸಿದರು, ನನಗೇನೂ ಕಾಣಲಿಲ್ಲ. "ಆಗುತ್ತೆ, ಮುಂದಿನ ವಾರವೇ ಇಟ್ಟುಕೊಳ್ಳೋಣ," ಅಂದರು. ಮಂಜುಳ ನನ್ನ ತೋಳು ಹಿಡಿದುಕೊಂಡಳು. ಅವ್ವ ಮಾತ್ರ ಡಾಕ್ಟರನ್ನೇ ನೋಡುತ್ತಿದ್ದಳು.

"ಇವನಿಗೆ ಏನೂ ಆಗಲ್ವಾ ಸ್ವಾಮಿ?"

"ಏನೂ ಆಗಲ್ಲ ಅಂತ ನಾನು ಬರೆದುಕೊಡೋಕೆ ಆಗಲ್ಲ ಅಜ್ಜಿ. ಆಗದ ಹಾಗೆ ನೋಡ್ಕೊಳ್ತೀವಿ."

ಅವ್ವ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ಸುಳ್ಳು ಹೇಳ್ಲಿಲ್ಲವಲ್ಲ, ಅಷ್ಟು ಸಾಕು," ಅಂದಳು.

ಆಪರೇಷನ್ ದಿನದ್ದು ನನಗೆ ನೆನಪಿರುವುದು ಚಳಿ ಮಾತ್ರ. ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೋಗುವಾಗ ಕಾರಿಡಾರಿನಲ್ಲಿ ಸವಿತಳ ಗಾಡಿ ಎದುರಾಯಿತು. ಅವಳು ಒಂದು ಬೆರಳು ಎತ್ತಿದಳು, ನಾನೂ ಎತ್ತಿದೆ. ಮಿಕ್ಕಿದ್ದೆಲ್ಲ ಮಂಜುಳ ಆಮೇಲೆ ಹೇಳಿದ್ದು. ನನ್ನನ್ನು ಐಸಿಯುಗೆ ತಂದಾಗ ಒಬ್ಬರು ಹೋಗಿ ನೋಡಬಹುದು ಅಂದರಂತೆ, ಅವ್ವ ಹೋಗಲಿಲ್ಲವಂತೆ. ಮಾರನೆಯ ದಿನ ಸವಿತಳನ್ನು ದೂರದಿಂದ ನೋಡಬಹುದು ಅಂದಾಗಲೂ ಎದ್ದು ಬರಲಿಲ್ಲವಂತೆ. ಸವಿತಳ ಗಂಡ ಮೇಷ್ಟ್ರು ಕೈಮುಗಿದು ಕರೆದರಂತೆ.

"ಒಬ್ರ ಮಕ ನೋಡ್ಕಂಡು, ಇನ್ನೊಬ್ರ ಮಕ ನೋಡ್ದೆ ನಾನ್ ಹೆಂಗೆ ಈಚೆ ಬರ್ಲಿ? ಇಬ್ರೂವೆ ಒಟ್ಟಿಗೆ ಕಾಣೋ ದಿನ ಕರೀರಿ," ಅಂದಳಂತೆ. ಕಾರಿಡಾರಿನ ಬೆಂಚಿನ ಮೇಲೆ ಕೂತವಳು ಅಲ್ಲೇ ಕೂತಿದ್ದಳು. ಮಂಜುಳ ಏನು ತಂದುಕೊಟ್ಟರೂ ಎರಡು ಬಾಳೆಹಣ್ಣು, ಒಂದು ಲೋಟ ಟೀ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ಎಂಟನೆಯ ದಿನ ನರ್ಸು ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಸವಿತಳ ರೂಮಿನ ಹತ್ತಿರ ಕರೆದುಕೊಂಡು ಹೋದಳು. ಸೋಂಕಾಗುತ್ತದೆ ಅಂತ ಒಳಗೆ ಬಿಡುವುದಿಲ್ಲ, ದೊಡ್ಡ ಗಾಜಿನ ಈಚೆ ನಿಂತು ನೋಡಬೇಕು. ಮಂಜುಳ ಹೋಗಿ ಅವ್ವನನ್ನು ಕೈಹಿಡಿದು ಕರೆತಂದಳು. ಅವ್ವ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆದರಿದ ಬಿಳಿ ತಲೆಯಲ್ಲಿ, ಗೋಡೆ ಹಿಡಿದು ಮೆಲ್ಲಗೆ ಬಂದಳು. ನನ್ನ ಕುರ್ಚಿಯ ಪಕ್ಕದಲ್ಲಿ ನಿಂತು ಮೊದಲು ನನ್ನನ್ನು ನೋಡಿದಳು, ಆಮೇಲೆ ಗಾಜಿನ ಆಚೆಗೆ ನೋಡಿದಳು. ಸವಿತ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣಿನ ಅರಿಶಿನ ಇಳಿದಿತ್ತು. ಅವ್ವನನ್ನು ಕಂಡು ಕೈ ಎತ್ತಿದಳು.

ಅವ್ವ ಮತ್ತೆ ನನ್ನನ್ನು ನೋಡಿದಳು, ಮತ್ತೆ ಅವಳನ್ನು. ನನ್ನ ತಲೆಯ ಮೇಲೆ ಒಂದು ಕೈ ಇಟ್ಟಳು, ಇನ್ನೊಂದು ಕೈಯನ್ನು ಗಾಜಿನ ಮೇಲೆ ಒತ್ತಿದಳು. ಗಾಜು ಮುಟ್ಟಬೇಡಿ ಅಂತ ಹೇಳಲು ಬಾಯಿ ತೆರೆದ ನರ್ಸು ನನ್ನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಗೊತ್ತಿಲ್ಲ.

"ಇಬ್ರೂವೆ ಅವ್ರೆ," ಅಂದಳು ಕೊನೆಗೆ. ಯಾರಿಗೆ ಹೇಳಿದಳೋ.

ಆಮೇಲೆ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಸೊಸೆಯ ಮುಖ ನೋಡಿದಳು.

"ಮಂಜುಳ, ಹೊಟ್ಟೆ ಹಸೀತೈತೆ ಕಣವ್ವ. ಉಣ್ಣಕ್ಕೆ ಏನಾರ ತಂದಿದ್ದೀಯಾ?"